ಐದು ಅಂದರೆ ಯಾವುದರ ಐದು?

ಅಕ್ಕೋರ ಸೀರೆಯ ಬಲ ಸೊಂಟದ ಮೇಲೆ ಯಾವಾಗಲೂ ಒಂದು ಬಿಳಿ ಅಂಗೈ ಮೂಡಿರುತ್ತಿತ್ತು. ಸೀಮೆಸುಣ್ಣದಲ್ಲಿ ಬರೆಯುವುದು, ಅಂಗೈಯಿಂದ ಒರೆಸುವುದು, ಒರೆಸಿದ ಕೈಯನ್ನು ಸೊಂಟಕ್ಕೆ ತಿಕ್ಕುವುದು. ಸೀರೆ ಯಾವುದೇ ಇರಲಿ, ಅಂಗೈ ಮಾತ್ರ ಅದೇ ಜಾಗದಲ್ಲಿ. ಶಾಲೆ ಬಿಟ್ಟು ಕಂಪ್ಯೂಟರಿನ ಕೋಣೆಗೆ ಬಂದ ಮೇಲೂ ಅದು ಹೋಗಲಿಲ್ಲ. ಆ ಕೋಣೆಯೊಳಗೆ ಚಪ್ಪಲಿ ಹಾಕುವಂತಿರಲಿಲ್ಲ, ಧೂಳು ಸೇರುವಂತಿರಲಿಲ್ಲ, ಸೀಮೆಸುಣ್ಣದ ಹೆಸರೆತ್ತುವಂತೆಯೇ ಇರಲಿಲ್ಲ. ಅಕ್ಕೋರು ಚಪ್ಪಲಿ ಬಿಡುತ್ತಿದ್ದರು, ಚಾಕ್‌ಪೀಸು ಬಿಡುತ್ತಿರಲಿಲ್ಲ. ಮೂಲೆಯಲ್ಲಿದ್ದ ಹಸಿರು ಕಬ್ಬಿಣದ ಅಲಮಾರಿಯ ಬಾಗಿಲೇ ಅವರಿಗೆ ಕರಿಹಲಗೆಯಾಗಿತ್ತು. ಕಚೇರಿಯ ಸಾಹೇಬರು ಬೈದು ಬೈದು ಸಾಕಾಗಿ ಕೊನೆಗೆ ಅಲಮಾರಿಯನ್ನೇ ಯಂತ್ರದಿಂದ ದೂರ ಇಡಿಸಿದರು.

ನಮ್ಮ ಕಡೆ ಹೆಣ್ಣುಮಗಳು ಶಾಲೆಯಲ್ಲಿ ಪಾಠ ಹೇಳಿದಳೆಂದರೆ ಅವಳು ಅಕ್ಕೋರು. ಆಮೇಲೆ ಅವಳು ಏನೇ ಆಗಲಿ, ಆ ಹೆಸರು ಬಿಡುವುದಿಲ್ಲ. ಇವರನ್ನು ರಾಯಚೂರಿನ ಕಚೇರಿಯಲ್ಲಿ ಪ್ರೋಗ್ರಾಮರ್ ಎಂದು ಕಾಗದದಲ್ಲಿ ಬರೆದಿದ್ದರು. ಕರೆಯುವಾಗ ಜವಾನನಿಂದ ಸಾಹೇಬರವರೆಗೆ ಎಲ್ಲರಿಗೂ ಅಕ್ಕೋರೇ. ನನಗಂತೂ ಬೇರೆ ಹೆಸರು ಬಾಯಿಗೆ ಬರುವುದು ಸಾಧ್ಯವೇ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಮಾನ್ವಿಯಲ್ಲಿ ನಾನು ಅವರ ಕೈಯಲ್ಲಿ ಗಣಿತ ಕಲಿತವಳು. ಕಲಿತೆ ಅನ್ನುವುದಕ್ಕಿಂತ ಜಗಳಾಡಿದೆ ಅಂದರೆ ಸರಿ.

ಒಂದು ಸಲ ಪರೀಕ್ಷೆಯಲ್ಲಿ ನನ್ನ ಉತ್ತರ ಹನ್ನೆರಡು ಬಂತು. ಹನ್ನೆರಡೇ ಬರಬೇಕಿತ್ತು. ಅಕ್ಕೋರು ಸೊನ್ನೆ ಹಾಕಿದರು. ಎದ್ದು ನಿಂತು ಯಾಕ್ರೀ ಅಂದೆ.

"ಹನ್ನೆರಡು ಏನು? ಎಮ್ಮಿ? ಮೊಳ? ಕೊಡ ನೀರು?"

"ಲೆಕ್ಕದಾಗ ಮೊಳ ಅಂತ ಅದಲ್ರೀ ಅಕ್ಕೋರ."

"ಲೆಕ್ಕದಾಗ ಅದ. ನಿನ್ನ ಉತ್ತರದಾಗ ಎಲ್ಲೈತಿ? ಬತ್ತಲ ಅಂಕಿ ತಂದು ನನ್ನ ಮುಂದ ನಿಲ್ಲಿಸೀದಿ. ಮೊದಲ ಅದಕ್ಕೊಂದು ಅಂಗಿ ತೊಡಸು ಹೋಗು."

ಹುಡುಗಿಯರೆಲ್ಲ ಕಿಸಕ್ಕೆಂದರು. ನಾನು ಮನೆಗೆ ಹೋಗಿ ಅತ್ತೆ. ನಮ್ಮ ಅಬ್ಬಾ, ಅಂದರೆ ಅಪ್ಪ, ಮಾನ್ವಿಯ ಅಕ್ಕಿ ಮಂಡಿಯಲ್ಲಿ ತೂಕ ಮಾಡುವ ಕೆಲಸದವರು, ಮಗಳು ಅತ್ತರೆ ತಡೆದುಕೊಳ್ಳುವವರಲ್ಲ. ಮರುದಿನ ನನ್ನನ್ನು ಎಳೆದುಕೊಂಡು ಶಾಲೆಗೆ ಬಂದರು. ಅಕ್ಕೋರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಆಮೇಲೆ ಇವತ್ತು ಮಂಡಿಯಲ್ಲಿ ಅಕ್ಕಿ ಹೇಗಿದೆ ಎಂದು ಕೇಳಿದರು. ಅಬ್ಬಾ ಒಂದು ಅಂಕಿ ಹೇಳಿದರು.

"ಎಷ್ಟಕ್ಕ ಅಷ್ಟು?"

"ಅದು ಎಲ್ಲಾರ್ಗೂ ಗೊತ್ತಿರ್ತದ್ರೀ ಅಕ್ಕೋರ. ಮಂಡಿಯಾಗ ಯಾರೂ ಕೇಳಂಗಿಲ್ಲ."

"ಗೊತ್ತಿಲ್ಲದವರು ಬಂದ್ರ?"

ಅಬ್ಬಾ ನಕ್ಕುಬಿಟ್ಟರು. "ಗೊತ್ತಿಲ್ಲದವರು ಬಂದ್ರ ನಮ್ಮ ಸೇಠ್‌ಗ ಭಾಳ ಖುಷಿ ಆಗ್ತದ್ರಿ," ಅಂದರು. ನನ್ನ ಪರವಾಗಿ ಬಂದ ಮನುಷ್ಯ ಅವರ ಕಡೆಗೆ ಸೇರಿ ಹೊರಟುಹೋದರು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ಎಲ್ಲರಿಗೂ ಗೊತ್ತಿರ್ತದೆ ಅನ್ನುವ ಮಾತು ಕೇಳಿದರೆ ಅಕ್ಕೋರ ಮುಖ ಯಾಕೆ ಹಾಗಾಗುತ್ತಿತ್ತು ಅನ್ನುವುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಅವರು ದೇವದುರ್ಗದ ಕಡೆಯವರು. ಅಪ್ಪ ಅವ್ವ ಇಬ್ಬರೂ ಕೂಲಿ ಮಾಡಿ ಓದಿಸಿದ್ದರು. ಮನೆಮಂದಿಯೆಲ್ಲ ಬುದ್ಧನ ಫೋಟೋದ ಮುಂದೆ ಕೈ ಮುಗಿಯುವವರು. ಕೆಲಸ ಸಿಕ್ಕು ಮಾನ್ವಿಗೆ ಬಂದಾಗ ಖೋಲಿ ಬಾಡಿಗೆಗೆ ಕೇಳುತ್ತ ಓಣಿ ಓಣಿ ತಿರುಗಿದರಂತೆ. ಯಾರೂ ಇಲ್ಲ ಅನ್ನಲಿಲ್ಲವಂತೆ, ಯಾರೂ ಬೈಯಲಿಲ್ಲವಂತೆ. ಖೋಲಿ ಮಾತ್ರ ಸಿಗಲಿಲ್ಲ. ಕೊನೆಗೆ ಒಬ್ಬ ಮುದುಕಿ, "ಯವ್ವಾ, ನೀ ಯಾವ ಓಣ್ಯಾಗ ಕೇಳಬೇಕು ಅಂತ ಎಲ್ಲಾರ್ಗೂ ಗೊತ್ತದ, ನಿನಗ ಗೊತ್ತಿಲ್ಲೇನು?" ಅಂದಳಂತೆ. ಇದನ್ನು ಅಕ್ಕೋರು ನನಗೆ ಹೇಳಿದ್ದು ನಗುತ್ತಲೇ. "ಬರದಿಟ್ಟ ಕಟ್ಟಳಿ ಕೂಡ ಜಗಳಾಡಬಹುದು ಬೇ. ಎಲ್ಲಾರ್ಗೂ ಗೊತ್ತಿರೋ ಕಟ್ಟಳಿ ಕೂಡ ಹ್ಯಾಂಗ ಜಗಳಾಡ್ತಿ?" ಎಂದಿದ್ದರು.

ಎಂಬತ್ತರ ದಶಕದಲ್ಲಿ ಗಣಿತ ಬಲ್ಲ ನೌಕರರನ್ನು ಅಲ್ಲಲ್ಲಿಂದ ಆರಿಸಿ ಹೈದರಾಬಾದಿಗೆ ಕಂಪ್ಯೂಟರ್ ತರಬೇತಿಗೆ ಕಳಿಸಿದರು. ಅಕ್ಕೋರು ಹೋದರು. ಹೋದವರು ಶಾಲೆಗೆ ಮರಳಲಿಲ್ಲ. ರಾಯಚೂರಿನಲ್ಲಿ ಕಾಲುವೆ ನೀರಿನ ಪಾಳಿ ಲೆಕ್ಕ ಹಾಕುವ ಕಚೇರಿಗೆ ಒಂದು ಯಂತ್ರ ಬಂತು, ಅದರ ಹಿಂದೆ ಅವರು ಬಂದರು. ನಾನು ಅಷ್ಟರಲ್ಲಿ ಅಲ್ಲೇ ಟೈಪಿಸ್ಟ್ ಆಗಿದ್ದೆ. ಬೆರಳು ಚುರುಕಾಗಿವೆಯೆಂದು ನನ್ನನ್ನು ಯಂತ್ರದ ಕೋಣೆಗೆ ಹಾಕಿದರು. ಬಾಗಿಲು ತೆಗೆದರೆ ಎದುರಿಗೆ ಅದೇ ಬಿಳಿ ಅಂಗೈ. ಹಣೆಬರಹ ಅಂದರೆ ಇದೇ ಅಂದುಕೊಂಡೆ.

ರಾಯಚೂರಿನ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಕಚೇರಿಯಲ್ಲಿ ತಂಪು ಮಾಡುವ ಪೆಟ್ಟಿಗೆ ಇದ್ದದ್ದು ಒಂದೇ, ಅದು ಯಂತ್ರಕ್ಕೆ. ಅದರ ಕಡೆ ಬೆನ್ನು ಕೊಟ್ಟು ಕೂತರೆ ಸಾಹೇಬರಿಗೆ ಸಿಟ್ಟು, ಗಾಳಿ ಅಡ್ಡವಾಗುತ್ತದೆಂದು. ಕರೆಂಟು ಬರುವುದು, ಹೋಗುವುದು. ಬೆಳಗ್ಗೆಯಿಂದ ಟೈಪ್ ಹೊಡೆದದ್ದೆಲ್ಲ ಒಂದು ಕಣ್ಣುಮುಚ್ಚುವಷ್ಟರಲ್ಲಿ ನೀರಲ್ಲಿ ಹೋಮ. ಇದರ ಮೇಲೆ ಅಕ್ಕೋರ ಭಾಷೆ.

ಆ ಭಾಷೆ ಏನೆಂದು ಹೇಳಬೇಕು. ನೀರಿನ ಪಾಳಿ ಹಂಚುವ ಪ್ರೋಗ್ರಾಮು ಒಂದೇ, ಆದರೆ ಪ್ರತಿ ಕಾಲುವೆಯ ಕಟ್ಟಳೆ ಬೇರೆ. ಒಂದು ಕಡೆ ಮೇಲಿನ ತೂಬಿಗೆ ಮೊದಲು, ಇನ್ನೊಂದು ಕಡೆ ಕೆಳಗಿನದಕ್ಕೆ. ಒಂದು ಕಡೆ ಎಕರೆಗೆ ಇಷ್ಟು ಹೊತ್ತು, ಇನ್ನೊಂದು ಕಡೆ ಹಳೇ ಒಪ್ಪಂದದ ಪ್ರಕಾರ. ಇದನ್ನೆಲ್ಲ ಪ್ರೋಗ್ರಾಮಿನ ಹೊಟ್ಟೆಯೊಳಗೆ ಹೂತಿಟ್ಟರೆ ಪ್ರತಿ ಸಲ ಬದಲಾವಣೆಗೂ ಅಕ್ಕೋರೇ ಬೇಕು. ಅದಕ್ಕೆ ಅವರು ಕಟ್ಟಳೆಗಳನ್ನು ಹೊರಗೆ ಒಂದು ಕಡತದಲ್ಲಿಟ್ಟರು. ಆ ಕಾಲುವೆಯ ಜನರೇ ಅದನ್ನು ಬರೆಯಬೇಕು, ತಿದ್ದಬೇಕು, ಓದಿದರೆ ಅವರಿಗೇ ಅರ್ಥವಾಗಬೇಕು ಅನ್ನುವುದು ಅವರ ಹಟ. ಬರೆಯುವುದಕ್ಕೆ ಒಂದು ಪುಟ್ಟ ಭಾಷೆ ಮಾಡಿದರು. ಅಲ್ಲಿಯೂ ಬತ್ತಲೆ ಅಂಕಿಗೆ ಪ್ರವೇಶವಿಲ್ಲ. ಪ್ರತಿಯೊಂದಕ್ಕೂ ಒಂದು ಬಗೆ. ಗಡಿಯಾರ ತೋರಿಸುವುದು ಹೊತ್ತು. ಎಷ್ಟು ಹೊತ್ತು ನೀರು ಹರಿಯಿತೋ ಅದು ಅವಧಿ. ಹೊಲದ ಅಳತೆ ಎಕರೆ. ಹೌದು ಅಥವಾ ಇಲ್ಲ ಅನ್ನುವುದು ಇನ್ನೊಂದು ಬಗೆ. ನೀವು ಬರೆದ ಕಟ್ಟಳೆಯನ್ನು ಯಂತ್ರ ಮೊದಲು ಓದಿ, ಬಗೆ ಬಗೆಗೆ ಹೊಂದುತ್ತದೋ ಇಲ್ಲವೋ ನೋಡುತ್ತದೆ. ಹೊಂದದಿದ್ದರೆ ಒಂದು ಹನಿ ನೀರನ್ನೂ ಲೆಕ್ಕ ಹಾಕುವುದಿಲ್ಲ.

ನಾನು ಮೊದಲ ದಿನ ಬರೆದ ಕಟ್ಟಳೆಯನ್ನೇ ಅದು ತಿರಸ್ಕರಿಸಿತು. ಶುರುವಾದ ಹೊತ್ತು ಆರು, ಮುಗಿಯುವ ಹೊತ್ತು ಹತ್ತು, ಎರಡನ್ನೂ ಕೂಡಿಸಿದ್ದೆ.

"ಅಂಕಿ ಅಂಕಿ ಕೂಡಿಸಿದ್ರ ಯಂತ್ರಕ್ಕೇನ್ರೀ ಕಷ್ಟ?" ಅಂದೆ.

ಅಕ್ಕೋರು ಅಲಮಾರಿಯ ಕಡೆ ಹೋದರು. "ಹತ್ತರಾಗ ಆರು ಕಳದ್ರ ಏನ್ ಬರ್ತದ?"

"ನಾಕು ತಾಸು."

"ಅಂದ್ರ ಹೊತ್ತಿನಾಗ ಹೊತ್ತು ಕಳದ್ರ ಅವಧಿ. ಹೊತ್ತಿಗಿ ಅವಧಿ ಕೂಡಿಸಿದ್ರ?"

"ಮತ್ತೊಂದು ಹೊತ್ತು."

"ಶಾಣ್ಯಾಕಿ. ಈಗ ಮುಂಜಾನಿ ಆರಕ್ಕ ಮುಂಜಾನಿ ಹತ್ತು ಕೂಡಿಸು. ಏನ್ ಬಂತು? ಸಂಜಿ ಬಂತೇನು?"

ನನಗೆ ನಗು ಬಂತು, ಸಿಟ್ಟೂ ಬಂತು. ಇದಕ್ಕಿಂತ ಸಿಟ್ಟು ಬರಿಸುತ್ತಿದ್ದದ್ದು ಯಂತ್ರದ ಬೈಗುಳ. ತಪ್ಪಾದಾಗ ತೆರೆಯ ಮೇಲೆ ಬರುವ ಮಾತನ್ನು ಅವರು ತಮ್ಮ ಬಾಯಿಮಾತಿನಲ್ಲೇ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. 'ಹೊತ್ತಿಗಿ ಹೊತ್ತು ಕೂಡಿಸಬ್ಯಾಡ.' 'ಇದು ಎಕರೆ, ಅಲ್ಲಿ ಅವಧಿ ಕೇಳೀನಿ.' 'ಯಾವುದರ ಐದು?' ಅವರು ರಜೆಯಲ್ಲಿದ್ದ ದಿನವೂ ಅವರ ದನಿಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಮಧ್ಯಾಹ್ನದ ಕೆಟ್ಟ ಬಿಸಿಲಲ್ಲಿ, ಊಟ ಮಾಡದೆ, ಒಂದೇ ಸಾಲನ್ನು ತಿದ್ದಿ ತಿದ್ದಿ ಮತ್ತೆ ಅದೇ 'ಯಾವುದರ ಐದು' ಬಂದಾಗ ಆ ಯಂತ್ರವನ್ನು ಎತ್ತಿ ಕಿಟಕಿಯಿಂದ ಹೊರಗೆ ಒಗೆಯಬೇಕೆನಿಸುತ್ತಿತ್ತು.

ಸಾಹೇಬರಿಗೆ ಈ ಬಗೆ ಅನ್ನುವುದೇ ಒಂದು ತಮಾಷೆ. ಒಂದು ದಿನ ನಾಲ್ಕು ಜನರ ಮುಂದೆ ಅಂದರು, "ಅಕ್ಕೋರ, ಜಾತಿ ಹೋಗ್ಲಿ ಜಾತಿ ಹೋಗ್ಲಿ ಅಂತ ಅನ್ನೋರು ನೀವು. ಈಗ ಅಂಕಿಗೂ ಜಾತಿ ಹಚ್ಚಿ ಕುಂತೀರಲ್ರೀ!" ಎಲ್ಲರೂ ನಕ್ಕರು. ನಾನು ನೆಲ ನೋಡಿದೆ. ಅಕ್ಕೋರು ಬರೆಯುವುದನ್ನು ನಿಲ್ಲಿಸದೆ, ತಿರುಗದೆ ಹೇಳಿದರು:

"ಅಂಕಿಗಿ ನೀ ಯಾರ ಮನ್ಯಾಗ ಹುಟ್ಟೀದಿ ಅಂತ ನಾ ಕೇಳಂಗಿಲ್ರೀ ಸಾಹೇಬ್ರ. ನೀ ಯಾವುದರ ಅಳತಿ ಅಂತ ಕೇಳ್ತೀನಿ. ಅಂಕಿ ಇರೋದಽ ಅಳತಿಗಿ. ಮನಷ್ಯಾ ಅಳತಿಗಿ ಹುಟ್ಟಿಲ್ರಿ."

ನಗುತ್ತಿದ್ದವರು ಒಬ್ಬೊಬ್ಬರಾಗಿ ಚಹಾಕ್ಕೆ ಎದ್ದುಹೋದರು.

ಆ ವರ್ಷ ಭತ್ತದ ಸಸಿಮಡಿಗೆ ನೀರು ಬಿಡುವ ಕಾಲ ಬಂತು. ಮಾನ್ವಿ ಕಡೆಯ ಒಂದು ಉಪಕಾಲುವೆಯ ಪಾಳಿಯನ್ನು ಮೊದಲ ಸಲ ಯಂತ್ರದಿಂದ ತೆಗೆಯಬೇಕು. ಅದರ ಕೊನೆಯ ತೂಬು ಹಿರೇಕೊಟ್ನೆಕಲ್ ಕಡೆಗೆ, ಅಲ್ಲಿ ನಮ್ಮ ಮಾಮೂನ ಹೊಲ. ಅಮ್ಮಿಯ ಒಬ್ಬನೇ ತಮ್ಮ ಅವನು, ಅವನ ಮನೆಯ ಅಕ್ಕಿಯಲ್ಲೇ ನಾನು ಬೆಳೆದವಳು. ಮಡಿಗೆ ಬೀಜ ಬಿತ್ತಿಯಾಗಿತ್ತು. ಕೊನೆಯ ತೂಬಿನವರಿಗೆ ನೀರು ಒಂದು ಪಾಳಿ ತಪ್ಪಿದರೆ ಮಡಿ ಬಾಡುತ್ತದೆ, ಎರಡು ಪಾಳಿ ತಪ್ಪಿದರೆ ಆ ವರ್ಷದ ನಾಟಿಯನ್ನೇ ಮರೆಯಬೇಕು.

ಮಾನ್ವಿಯಿಂದ ಬಂದ ಕಾಗದವನ್ನು ನಾನೇ ಒಳಗೆ ಹೊಡೆದೆ. ಮೊದಲ ತೂಬಿನದು ಹಳೇ ಒಪ್ಪಂದ: ಸೋಮವಾರ ರಾತ್ರಿ ಹತ್ತಕ್ಕೆ ಶುರು, ಸೋಮವಾರ ರಾತ್ರಿ ಎರಡಕ್ಕೆ ಮುಕ್ತಾಯ. ಅಲ್ಲಿಂದ ಮುಂದೆ ಸರಪಳಿ, ಒಬ್ಬರ ಅವಧಿ ಮುಗಿದಲ್ಲಿಂದ ಇನ್ನೊಬ್ಬರದು ಶುರು. ಯಂತ್ರ ಓದಿತು. ತೆರೆಯ ಮೇಲೆ ಬಂತು: 'ಅವಧಿ ಸೊನ್ನಿಗಿಂತ ಕಮ್ಮಿ ಆಗ್ಯಾದ. ಹಿಂಗ ಆಗಂಗಿಲ್ಲ.'

ಕಾಗದ ನೋಡಿದೆ, ಸರಿಯಾಗಿತ್ತು. ಮತ್ತೆ ಹೊಡೆದೆ. 'ಹಿಂಗ ಆಗಂಗಿಲ್ಲ.' ಹತ್ತರಿಂದ ಎರಡು, ನಾಲ್ಕು ತಾಸು, ಮಾನ್ವಿಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಈ ದರಿದ್ರ ಯಂತ್ರಕ್ಕೆ ಯಾಕೆ ತಿಳಿಯುವುದಿಲ್ಲ ಎಂದು ಅಕ್ಕೋರ ಮೇಲೆ ಹರಿಹಾಯ್ದೆ. ಅವರು ತೆರೆ ನೋಡಿದರು, ಕಾಗದ ನೋಡಿದರು. "ಯಂತ್ರದ ಸೋಮವಾರ ನಡುರಾತ್ರಿಗಿ ಮುಗೀತದ. ಹಂಗಾಗಿ ಸೋಮವಾರ ಎರಡು ಅಂದ್ರ ಅದಕ್ಕ ಹತ್ತರ ಹಿಂದಿನ ಎರಡು. ಈ ಕಾಗದ ಬರದವರ ಸೋಮವಾರ ಬ್ಯಾರೆ ಅದ. ಯಾವಾಗ ಮುಗೀತದ ಅಂತ ಅವರನ್ನಽ ಕೇಳಬೇಕು," ಅಂದರು.

"ಕೇಳೋದೇನ್ರೀ ಅಕ್ಕೋರ? ಎಲ್ಲಾರ್ಗೂ ಗೊತ್ತಿರೋದಽ," ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

ಸಾಹೇಬರಿಗೆ ತಾಳ್ಮೆ ಇರಲಿಲ್ಲ. ಪಾಳಿಯ ಹಾಳೆ ಮರುದಿನ ಮಾನ್ವಿ ಮುಟ್ಟಬೇಕೆಂದು ಮೇಲಿನಿಂದ ಒತ್ತಡ. ಆ ತಪಾಸಣೆ ತೆಗೆದುಬಿಡಿ ಅಂದರು. ಅಕ್ಕೋರು ತೆಗೆಯುವುದಿಲ್ಲ ಅಂದರು. ಎರಡು ದಿನ ಕೊಡಿ, ಮಾನ್ವಿಗೆ ಹೋಗಿ ಕೇಳಿಕೊಂಡು ಬರುತ್ತೇನೆ ಅಂದರು. "ಒಂದು ವಾರದ ಹೆಸರು ಕೇಳಲಿಕ್ಕೆ ಮಾನ್ವಿಗೆ ಹೋಗ್ತೀರೇನ್ರೀ?" ಎಂದು ಸಾಹೇಬರು ಗದರಿದರು. ಬಾಗಿಲಾಚೆ ಕೂತಿದ್ದ ಇನ್ನೊಬ್ಬ ಆಪರೇಟರನನ್ನು ಕರೆಸಿದರು. ಅವನು ಅವಧಿ ಎಂಬ ಬಗೆಯನ್ನು ಅಳಿಸಿ ಅದರ ಜಾಗದಲ್ಲಿ ಬರೀ ಅಂಕಿ ಎಂದು ಹಾಕಿದ. ಯಂತ್ರ ತೆಪ್ಪಗಾಯಿತು. ರಾತ್ರಿ ಹತ್ತು ಅದಕ್ಕೆ ಇಪ್ಪತ್ತೆರಡು, ಎರಡರಲ್ಲಿ ಅದನ್ನು ಕಳೆದು ಉತ್ತರ ಮೈನಸ್ ಇಪ್ಪತ್ತು ಬಂತು. ಹಾಳೆಯಲ್ಲಿ ಮೈನಸ್ ಕಂಡರೆ ಚೆನ್ನಾಗಿರುವುದಿಲ್ಲವೆಂದು ಆ ಗೆರೆಯನ್ನೂ ತೆಗೆದ. ಹಾಳೆ ಚಂದಾಗಿ ಅಚ್ಚಾಗಿ ಬಂತು. ಅಕ್ಕೋರು ಅದಕ್ಕೆ ಸಹಿ ಹಾಕಲಿಲ್ಲ, ಸಾಹೇಬರೇ ಹಾಕಿದರು.

ಮೊದಲ ತೂಬಿನವರಿಗೆ ನಾಲ್ಕು ತಾಸಿನ ಬದಲು ಇಪ್ಪತ್ತು ತಾಸು ನೀರು. ಅವರ ನಂತರದವರೆಲ್ಲ ಅಷ್ಟಷ್ಟೇ ಹಿಂದಕ್ಕೆ ಸರಿದರು. ಕಾಲುವೆ ಬಂದ್ ಆಗುವ ದಿನ ಬಂದಾಗ ಕೊನೆಯ ತೂಬಿನ ಬಾಯಿ ಒಣಗಿಯೇ ಇತ್ತು. ಹೆಚ್ಚು ನೀರು ಸಿಕ್ಕವರು ಯಾಕೆ ಬಾಯಿ ಬಿಡುತ್ತಾರೆ? ತೂಬು ನೋಡಿಕೊಳ್ಳುವವನು ಹಾಳೆ ತೋರಿಸಿ, ಕಂಪ್ಯೂಟರ್ ಹೇಳ್ಯಾದ ಎಂದು ಕೈ ಎತ್ತಿದ.

ಮಾಮೂ ರಾಯಚೂರಿಗೆ ಬಂದ, ನೆತ್ತಿಗೆ ಟವೆಲ್ ಸುತ್ತಿಕೊಂಡು. ಕಚೇರಿಯ ಅಂಗಳದಲ್ಲೇ ನನ್ನ ಮೇಲೆ ಕೂಗಾಡಿದ. "ಏನ್ ಮಾಡಾಕತ್ತೀರಿ ನೀವು ಈ ತಂಪು ಖೋಲ್ಯಾಗ? ನನ್ನ ಸಸಿ ಹಳದಿ ಆಗ್ಯಾವ. ನಿನ್ನ ಮಷೀನಿಗಿ ಕಣ್ಣದಾವೋ ಇಲ್ಲೋ?" ಸಾಹೇಬರು ಹೊರಗೆ ಬಂದು, ಯಂತ್ರದ ದೋಷ, ಮುಂದಿನ ಪಾಳಿಗೆ ಸರಿಯಾಗುತ್ತದೆ ಎಂದು ಸಮಾಧಾನ ಹೇಳಿ ಒಳಗೆ ಹೋದರು. ಯಂತ್ರದ ದೋಷ! ಬೇಡ ಬೇಡ ಅಂತ ಅದು ತೆರೆಯ ಮೇಲೆ ಬಡಕೊಂಡಿತ್ತು. ನನಗೆ ಎಷ್ಟು ಸಂಕಟವಾಯಿತೆಂದರೆ ಮಾಮೂನಿಗೆ ನೀರು ಕೊಡುವುದನ್ನೂ ಮರೆತೆ. ಅಕ್ಕೋರು ಚೊಂಬು ತಂದುಕೊಟ್ಟರು. ಅವನು ಕುಡಿದು ಮುಗಿಸುವವರೆಗೆ ನಿಂತಿದ್ದು, "ಮುಂದಿನ ಬಸ್ಸಿಗಿ ನಿಮ್ಮ ಕೂಡ ನಾನೂ ಬರ್ತೀನ್ರಿ," ಅಂದರು. ರಜೆ ಕೇಳಲಿಲ್ಲ, ಅಪ್ಪಣೆ ಕೇಳಲಿಲ್ಲ. ನಾನೂ ಬ್ಯಾಗು ತೆಗೆದುಕೊಂಡು ಹಿಂದೆ ನಡೆದೆ.

ಮಾನ್ವಿಯಲ್ಲಿ ಬಸ್ಸು ಬದಲಿಸಿ ಕೊನೆಯ ತೂಬಿಗೆ ಹೋದಾಗ ಹೊತ್ತು ಇಳಿಯುತ್ತಿತ್ತು. ಸಸಿಗಳು ಮಾಮೂ ಹೇಳಿದ್ದಕ್ಕಿಂತ ಕೆಟ್ಟಿದ್ದವು. ಅಕ್ಕೋರು ಸೀರೆ ಎತ್ತಿಕಟ್ಟಿ ಬದುವಿನ ಮೇಲೆ ಕೂತರು. ಮಾಮೂ ಎದುರಿಗೆ ಕೂತ.

"ಸೋಮವಾರ ರಾತ್ರಿ ಎರಡು ಅಂತೀರಲ್ಲ, ಮಂಗಳವಾರ ಯಾವಾಗ ಹತ್ತತದ್ರಿ ನಿಮಗ?"

"ಹೊತ್ತು ಮೂಡಿದ ಮ್ಯಾಲ್ರಿ."

"ನಡುರಾತ್ರಿಗಿ ಅಲ್ಲ?"

"ಕತ್ತಲಾಗ ವಾರ ಹ್ಯಾಂಗ ಬದಲಾಗ್ತದ್ರೀ ಅಕ್ಕೋರ? ಯಾರು ನೋಡಾವ್ರು?" ಮಾಮೂ ಮತ್ತೆ ಅಂದ, "ಹಂಗ ನೋಡಿದ್ರ ನಮ್ಮ ನಮಾಜಿನ ಲೆಕ್ಕದಾಗ ಹೊತ್ತು ಮುಳುಗಿದ ಕೂಡ್ಲೇ ನಾಳಿ ವಾರ ಶುರು. ಬೇಸ್ತವಾರ ರಾತ್ರಿ ಅಂದ್ರ ನಮಗ ಆಗ್ಲೇ ಶುಕ್ರವಾರ, ಜುಮ್ಮಾದ ರಾತ್ರಿ. ಆದ್ರ ನೀರಿನ ಪಾಳ್ಯಾಗ ಅದು ನಡಿಯಂಗಿಲ್ಲ. ನೀರಿಗಿ ಹೊತ್ತು ಮೂಡೋದಽ ಲೆಕ್ಕ."

ಅಕ್ಕೋರು ಬಾಯಿ ತೆರೆದು ನೋಡುತ್ತಿದ್ದರು. ಆಮೇಲೆ ಕೈಯಲ್ಲಿದ್ದ ಚಾಕ್‌ಪೀಸಿನಿಂದ ತೂಬಿನ ಕಲ್ಲಿನ ಮೇಲೆ ಮೂರು ಗೆರೆ ಎಳೆದರು. ಹೊತ್ತು ಮುಳುಗಿದಾಗ ಒಂದು, ನಡುರಾತ್ರಿ ಒಂದು, ಹೊತ್ತು ಮೂಡಿದಾಗ ಒಂದು. "ಒಂದಽ ರಾತ್ರ್ಯಾಗ ಮೂರು ಮಂದಿಗಿ ಮೂರು ಸಲ ನಾಳಿ ಬರ್ತದ. ಮೂವರೂ ಖರೇನಽ," ಎಂದು ತಮಗೆ ತಾವೇ ಹೇಳಿಕೊಂಡರು. ಕೈಯನ್ನು ಸೊಂಟಕ್ಕೆ ತಿಕ್ಕಿದರು. "ನಮ್ಮವ್ವನೂ ಹೊತ್ತು ಮೂಡೋತನ ಹಿಂದಿನ ವಾರಽ ಅಂತಿದ್ಲು. ಸಾಲಿ ಕಲ್ತು ಅದನ್ನ ಮರ್ತೆ ನೋಡು ಬೇ."

ರಾಯಚೂರಿಗೆ ಮರಳಿ ಅವರು ತಮ್ಮ ಭಾಷೆಗೆ ಹೊಸದೊಂದು ಬಗೆ ಸೇರಿಸಿದರು. ಅದಕ್ಕೆ ಪಾಳಿದಿನ ಎಂದು ಹೆಸರಿಟ್ಟರು. ಅದು ಹೊತ್ತು ಮೂಡಿದಾಗ ಹುಟ್ಟಿ ಮತ್ತೆ ಹೊತ್ತು ಮೂಡಿದಾಗ ಮುಗಿಯುತ್ತದೆ. ಕ್ಯಾಲೆಂಡರಿನ ದಿನವನ್ನು ಅದರ ಜೊತೆ ಕಲಸಲು ಹೋದರೆ ಯಂತ್ರ ಕೇಳುತ್ತದೆ: 'ಯಾರ ಸೋಮವಾರ?' ಅಳಿಸಿದ್ದ ಅವಧಿಯನ್ನು ಅದರ ಜಾಗಕ್ಕೆ ಮರಳಿ ತಂದರು. ಮಾನ್ವಿಯ ಕಾಗದವನ್ನು ನಾನು ಒಂದಕ್ಷರ ಬದಲಿಸದೆ ಮತ್ತೆ ಹೊಡೆದೆ, ಸೋಮವಾರ ರಾತ್ರಿ ಹತ್ತು, ಸೋಮವಾರ ರಾತ್ರಿ ಎರಡು. ಯಂತ್ರ ಒಪ್ಪಿತು, ನಾಲ್ಕು ತಾಸು ಅಂದಿತು. ಮುಂದಿನ ಪಾಳಿಯಲ್ಲಿ ಕೊನೆಯ ತೂಬಿಗೆ ನೀರು ಮುಟ್ಟಿತು. ಅರ್ಧ ಮಡಿ ಹೋಗಿತ್ತು, ಅರ್ಧ ಉಳಿಯಿತು. ಮಾಮೂ ಉಳಿದದ್ದನ್ನು ತೆಳ್ಳಗೆ ನಾಟಿ ಮಾಡಿದ.

ಇದಕ್ಕೆ ಕಚೇರಿ ಅಕ್ಕೋರಿಗೆ ಕೊಟ್ಟದ್ದು ಒಂದು ಮೆಮೊ. ಅಪ್ಪಣೆಯಿಲ್ಲದೆ ಕೇಂದ್ರಸ್ಥಾನ ಬಿಟ್ಟದ್ದಕ್ಕೆ ಕಾರಣ ಕೇಳಿ. ಸಾಹೇಬರು ಮೇಲಿನವರಿಗೆ ಕಳಿಸಿದ ವರದಿಯಲ್ಲಿ ಯಂತ್ರದ ದೋಷವನ್ನು ಸಕಾಲದಲ್ಲಿ ಸರಿಪಡಿಸಲಾಗಿದೆ ಎಂದು ಬರೆದರು. ಅದನ್ನು ಟೈಪ್ ಮಾಡಿದವಳೂ ನಾನೇ. ಸಿಟ್ಟಿಗೆ ಟೈಪ್‌ರೈಟರಿನ ರಿಬ್ಬನ್ನು ಹರಿಯಿತು. ನೀವು ಯಾಕೆ ಸುಮ್ಮನಿದ್ದೀರಿ, ಎದುರು ಬರೆಯಿರಿ ಎಂದು ಅಕ್ಕೋರಿಗೆ ಅಂದೆ. "ನೀರು ಹೋತಲ್ಲ ಬೇ," ಅಂದರು, ಅಷ್ಟೇ. ನನಗೆ ಆ ಉತ್ತರ ಇಂದಿಗೂ ಸಾಲುವುದಿಲ್ಲ. ನೀರು ಹೋದರೆ ಆಯಿತೇ? ಸುಳ್ಳು ಕಾಗದದಲ್ಲಿ ಖರೆಯಾಗಿ ಕೂತಿತಲ್ಲ!

ಒಂದೆರಡು ವರ್ಷದೊಳಗೆ ಪಟ್ಟಣದಿಂದ ಹೊಸ ಯಂತ್ರ, ಅದರೊಳಗೆ ಪ್ಯಾಕೇಜು ಅನ್ನುವ ಸಿದ್ಧ ಪ್ರೋಗ್ರಾಮು ಬಂತು. ತೆರೆಯ ತುಂಬ ಚೌಕ ಚೌಕ ಮನೆಗಳು, ಯಾವ ಮನೆಯಲ್ಲಿ ಏನು ತುಂಬಿದರೂ ತಕರಾರಿಲ್ಲ. ವಾರದ ಜಾಗದಲ್ಲಿ ಎಕರೆ ಹೊಡೆಯಿರಿ, ಎಕರೆಯ ಜಾಗದಲ್ಲಿ ನಿಮ್ಮ ಅತ್ತೆಯ ಹೆಸರು ಹೊಡೆಯಿರಿ, ತೆಗೆದುಕೊಳ್ಳುತ್ತದೆ. ಸಾಹೇಬರಿಗೆ ಸ್ವರ್ಗ ಸಿಕ್ಕಂತಾಯಿತು. "ನೋಡ್ರಿ ಅಕ್ಕೋರ, ಏನ್ ಕೊಟ್ರೂ ಒಲ್ಲೆ ಅನ್ನಂಗಿಲ್ಲ," ಅಂದರು. "ಏನ್ ಕೊಟ್ರೂ ನುಂಗೋದು ಬಾಯಿ ಅಲ್ರೀ, ಹಗೇವು," ಅಂದರು ಅಕ್ಕೋರು. ಕಾಳು ಹೂತಿಡುವ ಆ ನೆಲದ ಗುಂಡಿಯ ಮಾತಿಗೆ ಸಾಹೇಬರೂ ನಕ್ಕರು. ನಗುತ್ತಲೇ ಹಳೆಯ ಯಂತ್ರವನ್ನು ಗೋದಾಮಿಗೆ ಹಾಕಿಸಿದರು. ಅಲಮಾರಿಯ ಬಾಗಿಲನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದರು. ಮುಂದಿನ ಹಂಗಾಮಿಗೇ ಪಾಳಿಯ ಹಾಳೆಯಲ್ಲಿ ಮತ್ತೆ ವಾರಗಳು ಕಲಸಿಹೋದವು. ಈ ಸಲ ಬೇಡ ಎಂದು ಕೂಗಲು ಯಂತ್ರದೊಳಗೆ ಯಾರೂ ಇರಲಿಲ್ಲ. ನನಗೆ ಆ 'ಯಾವುದರ ಐದು' ಕೇಳಬೇಕೆನಿಸುತ್ತಿತ್ತು. ಯಾರಿಗೆ ಹೇಳುವುದು?

ಅಕ್ಕೋರು ಅಷ್ಟರಲ್ಲಿ ಹೊಟ್ಟೆನೋವೆಂದು ರಜೆ ಹಾಕಿ ದೇವದುರ್ಗಕ್ಕೆ ಅವ್ವನ ಹತ್ತಿರ ಹೋಗಿದ್ದರು. ನಾನು ಎರಡು ಸಲ ನೋಡಿ ಬಂದೆ. ಎರಡನೆಯ ಸಲ ಸೀರೆಯ ಮೇಲೆ ಅಂಗೈ ಇರಲಿಲ್ಲ. ನಾನು ಬ್ಯಾಗಿನಿಂದ ಒಂದು ಚಾಕ್‌ಪೀಸು ತೆಗೆದುಕೊಟ್ಟೆ. ದಿಂಬಿನ ಕೆಳಗೆ ಇಟ್ಟುಕೊಂಡರು. ಆಮೇಲೆ ಹೋದಾಗ ಮಾತಾಡಿಸಲು ಅವರಿರಲಿಲ್ಲ.

ಮಣ್ಣು ಕೊಟ್ಟ ಮೇಲೆ ಕೆಲವು ದಿನ ಬಿಟ್ಟು, ಸಾವನ್ನು ನೋಂದಾಯಿಸಬೇಕೆಂದು ಅವರ ಅವ್ವ ನನ್ನನ್ನು ಕರೆಸಿದಳು. ಅಕ್ಷರ ಬಲ್ಲವಳು ಜೊತೆಗಿರಲಿ ಎಂದು. ಕಚೇರಿಯ ಕಾರಕೂನ ಪುಸ್ತಕ ತೆರೆದು ಯಾವತ್ತು ಎಂದು ಕೇಳಿದ.

"ಬೇಸ್ತವಾರ ರಾತ್ರಿ, ಎರಡರ ಸುಮಾರಕ್ಕ," ಅಂದಳು ಅವ್ವ.

"ಹಂಗಂದ್ರ ಶುಕ್ರವಾರ ಆತಲ್ಲವ್ವ."

"ಹ್ಯಾಂಗಪಾ? ಹೊತ್ತು ಮೂಡಿದ್ದಿಲ್ಲ. ಬೇಸ್ತವಾರನಽ."

"ಹನ್ನೆರಡು ಹೊಡದಮ್ಯಾಲ ಶುಕ್ರವಾರಽ. ನೀವು ಹೇಳ್ರೀ ಮೇಡಂ, ಓದಿದವರು."

ನನ್ನ ಮನೆಯ ಲೆಕ್ಕ ಹಿಡಿದರೆ ಹೊತ್ತು ಮುಳುಗಿದಾಗಲೇ ಶುಕ್ರವಾರ. ಅವನ ಲೆಕ್ಕಕ್ಕೆ ನಡುರಾತ್ರಿ. ಅವ್ವನ ಲೆಕ್ಕಕ್ಕೆ ಇನ್ನೂ ಬಂದೇ ಇರಲಿಲ್ಲ. ಇಬ್ಬರದ್ದೂ ಖರೆ, ಎರಡನ್ನೂ ಬರೆದುಕೊಳ್ಳಿ ಅಂದೆ. "ಕಾಲಂ ಒಂದಽ ಅದರಿ," ಅಂದ. ಕೆಳಗೆ ಒಂದು ಸಾಲು ಸೇರಿಸಿರಿ ಅಂದೆ. ಹಾಗೆಲ್ಲ ಬರುವುದಿಲ್ಲ ಅಂದ. ನಾನು ದನಿ ಏರಿಸಿದೆ, ಅವನೂ ಏರಿಸಿದ. ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಅವನು ಶುಕ್ರವಾರದ ತಾರೀಖು ಬರೆದು ಠಸ್ಸೆ ಹೊಡೆದ.

ಮೆಟ್ಟಿಲಿಳಿದು ಬಂದ ಮೇಲೆ ಅವ್ವ ಆ ಕಾಗದವನ್ನು ಮಡಚದೆ ಹಾಗೇ ಹಿಡಿದುಕೊಂಡು ನಿಂತಳು. "ನನ್ನ ಮಗಳು ಶುಕ್ರವಾರ ನೋಡಲಿಲ್ಲವ್ವ. ಅವ ಯಾಕ ಸುಳ್ಳ ಬರಕೊಂಡ?"

"ಯವ್ವಾ, ಅವ ಬರಕೊಂಡದ್ದು ಅವನ ಶುಕ್ರವಾರ. ನಿಮ್ಮ ಮಗಳದು ಬೇಸ್ತವಾರನಽ."

"ಹಂಗಂತ ಎಲ್ಲಿ ಬರದದ?"

ಬರೆದದ್ದು ಒಂದೇ ಒಂದು ಕಡೆ ಇತ್ತು, ಹಳೆಯ ಯಂತ್ರದೊಳಗಿನ ಆ ಪಾಳಿದಿನದಲ್ಲಿ. ಅದನ್ನು ಬರೆದವಳು ಅವಳ ಮಗಳೇ. ರಾಯಚೂರಿನ ಗೋದಾಮಿನಲ್ಲಿ ಮುರುಕು ಕುರ್ಚಿಗಳ ಕೆಳಗೆ ಅದು ಧೂಳು ತಿನ್ನುತ್ತಿತ್ತು. ಅವಳಿಗೆ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅದಕ್ಕೇ ಈಗ ಇಲ್ಲಿ ಬರೆದಿಡುತ್ತಿದ್ದೇನೆ: ಅಕ್ಕೋರು ತೀರಿಕೊಂಡದ್ದು ಬೇಸ್ತವಾರ, ಇನ್ನೂ ಹೊತ್ತು ಮೂಡಿರಲಿಲ್ಲ.